ರುಡಾಲ್ಫ್ ಡೀಸೆಲ್
ಡೀಸೆಲ್ ಎಂದರೆ ಎಣ್ಣೆಯೆಂದೇ ನನ್ನ ವಿದ್ಯಾರ್ಥಿಗಳು ಬಲ್ಲರು. ಅದೊಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ, ಜರ್ಮನ್ ದಂಪತಿಗಳ ಮಗನಾಗಿ ಜನಿಸಿದನು. 1870ರ ಯುದ್ಧ ಆ ಸಂಸಾರದ ನೆಲೆಯನ್ನು ಕಿತ್ತಿತು. ಮ್ಯೂನಿಕ್ಕಿನಲ್ಲಿ ಓದಿದವನು, ಗಾಳಿಯನ್ನು ಒತ್ತಿ, ಆ ಕಾವಿನಿಂದಲೇ ಇಂಧನವನ್ನು ಹೊತ್ತಿಸುವ ಯಂತ್ರವನ್ನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಿದ್ಧಗೊಳಿಸಿದನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಯಂತ್ರ ಕಡಲೆಕಾಯಿ ಎಣ್ಣೆಯಿಂದ ನಡೆಯಿತು. ಸಸ್ಯತೈಲಕ್ಕೂ ಒಂದು ಕಾಲ ಬಂದೀತೆಂದು 1912ರಲ್ಲಿ ಅವನು ನುಡಿದನು. ಮರುವರ್ಷ, ಸಾಲದಲ್ಲಿ ಮುಳುಗಿದ್ದವನು, ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಇರುಳಿನಲ್ಲಿ ಕಣ್ಮರೆಯಾದನು.

ಇಂದು ಕರಿದುಳಿದ ಎಣ್ಣೆಗೆ ಮೆಥನಾಲ್, ಕ್ಷಾರ ಬೆರೆಸಿ ಮನೆಯಲ್ಲೇ ಜೈವಿಕ ಡೀಸೆಲ್ ಮಾಡುವವರಿದ್ದಾರೆ. ಆದರೆ ಈಗಿನ ವಾಹನಗಳ ಸೂಕ್ಷ್ಮ ಇಂಜೆಕ್ಟರುಗಳು ಅದರಲ್ಲುಳಿದ ನೀರು, ಗ್ಲಿಸರಿನ್‌ಗಳನ್ನು ತಾಳಲಾರವು. ಅವನ ಆಸೆ ಸುಳ್ಳಲ್ಲ. ಅದಕ್ಕೆ ಎಣ್ಣೆಯನ್ನು ಶುದ್ಧಗೊಳಿಸುವ ಶ್ರದ್ಧೆ ಬೇಕೆಂಬುದೇ ನನ್ನ ಭಾವನೆ.