ಕ್ಯಾಮೆರಾ ಕೈಗೆ ಬಂದಾಗ ಕಾನೂನು ಹುಡುಕಿದ ವಕೀಲ

ಟಾರ್ಚ್ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡರೆ ಅದು ನಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳುತ್ತೆ. ದೀಪ ಹಚ್ಚೋಕೆ ಅಮ್ಮನ ನಂಬರ್ ಯಾಕೆ ಬೇಕು ಅಂತ ಕ್ಲಾಸಿನಲ್ಲಿ ಒಬ್ಬರು ಕೇಳಿದರೆ, ಮುಚ್ಚಿಡುವಂಥದ್ದು ನಿನ್ನ ಹತ್ರ ಏನಿದೆ ಅಂತ ಇನ್ನೊಬ್ಬರು ನಗ್ತಾರೆ. ಚರ್ಚೆ ಅಲ್ಲಿಗೆ ಮುಗಿಯುತ್ತೆ. ಈ ಜಗಳ ಸ್ಮಾರ್ಟ್‌ಫೋನ್ ಜೊತೆಗೇ ಹುಟ್ಟಿದ್ದು ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಆದರೆ ಇದಕ್ಕೆ ನೂರಮೂವತ್ತು ವರ್ಷ ದಾಟಿದೆ. ಇದನ್ನು ಮೊದಲು ಕಾನೂನಿನ ಭಾಷೆಯಲ್ಲಿ ಬರೆದಿಟ್ಟವರಲ್ಲಿ ಒಬ್ಬರು ಅಮೆರಿಕದ ವಕೀಲ, ಆಮೇಲೆ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಲೂಯಿಸ್ ಬ್ರ್ಯಾಂಡೈಸ್. ಈ ಸಲ ನಮ್ಮ ವ್ಯಕ್ತಿಪರಿಚಯ ಅವರದ್ದು. ಇಂಜಿನಿಯರಿಂಗ್ ಓದೋರಿಗೆ ವಕೀಲರ ಕಥೆ ಯಾಕೆ ಅನ್ನಬೇಡಿ, ನಮ್ಮ ಸಿಲಬಸ್ಸಿನ ಒಂದು ಪದವೂ ಇವರಿಂದಲೇ ಊರೂರು ತಿರುಗಿದ್ದು. ಅದು ಮುಂದೆ ಬರುತ್ತೆ.

ಬ್ರ್ಯಾಂಡೈಸ್ ಹುಟ್ಟಿದ್ದು 1856ರ ನವೆಂಬರ್ 13ರಂದು, ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಪ್ರಾಗ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಹುಡುಗ ಹದಿನೆಂಟಕ್ಕೇ ಹಾರ್ವರ್ಡ್ ಕಾನೂನು ಶಾಲೆ ಸೇರಿದ. ಓದಿ ಓದಿ ಕಣ್ಣು ಕೈಕೊಟ್ಟಾಗ ಸಹಪಾಠಿಗಳು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಇವರು ಕೇಳಿಸಿಕೊಂಡು ತಲೆಯಲ್ಲಿಟ್ಟುಕೊಳ್ಳುತ್ತಿದ್ದರು. 1877ರಲ್ಲಿ ಹೊರಬಂದಾಗ ತರಗತಿಗೆ ಇವರೇ ಮೊದಲು. ಎರಡನೆಯವರು ಸ್ಯಾಮ್ಯುಯೆಲ್ ವಾರನ್, ಕಾಗದದ ಕಾರ್ಖಾನೆ ಇದ್ದ ಶ್ರೀಮಂತ ಮನೆತನದವರು. 1879ರಲ್ಲಿ ಇಬ್ಬರೂ ಸೇರಿ ಬೋಸ್ಟನ್‌ನಲ್ಲಿ ವಕೀಲಿ ಕಚೇರಿ ತೆರೆದರು.

ಇಲ್ಲಿಗೆ ಕ್ಯಾಮೆರಾ ಬರುತ್ತದೆ. ಅಲ್ಲಿಯವರೆಗೆ ಫೋಟೋ ಅಂದರೆ ಸ್ಟುಡಿಯೋಗೆ ಹೋಗಿ, ಅಲುಗಾಡದೆ ಕೂತು, ದುಡ್ಡು ಕೊಟ್ಟು ತೆಗೆಸಿಕೊಳ್ಳುವ ವಸ್ತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡ್ಯಾಕ್ ತಂದರು. ಬೆಲೆ 25 ಡಾಲರ್, ಒಳಗೆ 100 ಚಿತ್ರಗಳಷ್ಟು ಫಿಲ್ಮ್. ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರ್‌ನ ಕಾರ್ಖಾನೆಗೆ 10 ಡಾಲರ್ ಜೊತೆ ಕಳಿಸಿದರೆ, ಚಿತ್ರಗಳೂ ಹೊಸ ಫಿಲ್ಮ್ ತುಂಬಿದ ಕ್ಯಾಮೆರಾವೂ ವಾಪಸ್ ಬರುತ್ತಿದ್ದವು. ಇದಕ್ಕೆ ಕೆಮಿಸ್ಟ್ರಿಯೂ ಬೇಡ, ಕತ್ತಲೆ ಕೋಣೆಯೂ ಬೇಡ. ಕೈಯಲ್ಲಿ ಪೆಟ್ಟಿಗೆ ಹಿಡಿದವರೆಲ್ಲ ಫೋಟೋಗ್ರಾಫರ್‌ಗಳಾದರು. ಇನ್ನೊಂದು ಕಡೆ ಊರಿನ ದೊಡ್ಡ ಮನೆಗಳ ಸುದ್ದಿ ಮಾರುವ ಪತ್ರಿಕೆಗಳು ಜೋರಾಗಿದ್ದವು. ವಾರನ್ ಮದುವೆಯಾಗಿದ್ದದ್ದು ಸೆನೆಟರ್ ಒಬ್ಬರ ಮಗಳನ್ನು, ಹಾಗಾಗಿ ಅವರ ಮನೆಯ ಔತಣಗಳೂ ಪತ್ರಿಕೆಗೆ ಆಹಾರವಾಗುತ್ತಿದ್ದವು. ವಾರನ್ ಮಗಳ ಮದುವೆಗೆ ಪತ್ರಕರ್ತರು ನುಗ್ಗಿದ್ದೇ ಎಲ್ಲಕ್ಕೂ ಕಾರಣ ಅನ್ನೋ ಕಥೆ ಬಹಳ ಪುಸ್ತಕಗಳಲ್ಲಿದೆ. ಲೆಕ್ಕ ಹಾಕಿ ನೋಡಿ: ವಾರನ್ ಮದುವೆ 1883ರಲ್ಲಿ, ಲೇಖನ 1890ರಲ್ಲಿ. ಆರೇಳು ವರ್ಷದ ಕೂಸಿಗೆ ಎಲ್ಲಿಯ ಮದುವೆ!

1890ರ ಡಿಸೆಂಬರ್ 15ರಂದು ಹಾರ್ವರ್ಡ್ ಲಾ ರಿವ್ಯೂದಲ್ಲಿ ಇಬ್ಬರ ಹೆಸರಿನಲ್ಲೂ ಖಾಸಗಿತನದ ಹಕ್ಕಿನ ಬಗ್ಗೆ ಲೇಖನ ಬಂತು. ಅದರಲ್ಲಿ ನಮಗೆ ಬಹಳ ಇಷ್ಟವಾದ ವಾದ ಒಂದಿದೆ. ಸ್ಟುಡಿಯೋ ಕಾಲದಲ್ಲಿ ಫೋಟೋ ತೆಗೆಯುವವನಿಗೂ ತೆಗೆಸಿಕೊಳ್ಳುವವನಿಗೂ ನಡುವೆ ಒಂದು ಒಪ್ಪಂದ ಇರುತ್ತಿತ್ತು. ಅವನು ಆ ಚಿತ್ರವನ್ನು ಬೇರೆಯವರಿಗೆ ಮಾರಿದರೆ ಒಪ್ಪಂದ ಮುರಿದ ಅಂತ ಕೋರ್ಟಿಗೆ ಎಳೆಯಬಹುದಿತ್ತು. ಆದರೆ ದಾರಿಯಲ್ಲಿ ಹೋಗುತ್ತಿರುವಾಗ ಗೊತ್ತೇ ಆಗದಂತೆ ಯಾರೋ ಕ್ಲಿಕ್ ಮಾಡಿದರೆ? ಅಲ್ಲಿ ಒಪ್ಪಂದವೇ ಇಲ್ಲ. ಯಂತ್ರ ಬದಲಾದಾಗ ಹಳೆಯ ರಕ್ಷಣೆ ಸದ್ದಿಲ್ಲದೆ ಉದುರಿಹೋಯಿತು. ಆದ್ದರಿಂದ ಒಪ್ಪಂದದ ಮೇಲೆ ನಿಲ್ಲದ, ಮನುಷ್ಯನಿಗೆ ಮನುಷ್ಯ ಅನ್ನೋ ಕಾರಣಕ್ಕೇ ಸಿಗುವ ಹಕ್ಕು ಬೇಕು ಅಂತ ಅವರು ವಾದಿಸಿದರು. ಆಧಾರಕ್ಕೆ ಇಂಗ್ಲೆಂಡಿನ 1849ರ ಒಂದು ಮೊಕದ್ದಮೆಯನ್ನು ಎತ್ತಿಕೊಂಡರು. ರಾಣಿ ವಿಕ್ಟೋರಿಯಾ ಮತ್ತು ಪ್ರಿನ್ಸ್ ಆಲ್ಬರ್ಟ್ ಮನೆಯಲ್ಲಿ ತಮಗಾಗಿ ಮಾಡಿಕೊಂಡಿದ್ದ ಎಚಿಂಗ್ ಚಿತ್ರಗಳನ್ನು ಬೇರೆಯವರು ಪ್ರದರ್ಶನಕ್ಕಿಟ್ಟು, ಅದರ ಪಟ್ಟಿ ಅಚ್ಚು ಹಾಕಿಸಲು ಹೊರಟಿದ್ದರು. ನ್ಯಾಯಾಲಯ ತಡೆಯಿತು, ಪಟ್ಟಿಯನ್ನೂ ಸೇರಿಸಿ. ಅಚ್ಚಾಗಲಿದ್ದದ್ದು ಚಿತ್ರಗಳ ಬರೀ ವಿವರಣೆ, ಆದರೂ ತಡೆಯಿತು! ಇವತ್ತು ಫೋನ್ ಕರೆಯ ಮಾತಲ್ಲ, ಯಾರಿಗೆ ಎಷ್ಟೊತ್ತಿಗೆ ಕರೆ ಮಾಡಿದಿರಿ ಅನ್ನೋ ದಾಖಲೆ ಮಾತ್ರ ಇಟ್ಟುಕೊಳ್ತೀವಿ ಅನ್ನುವವರಿಗೆ ಇದನ್ನು ತೋರಿಸಬೇಕು.

ಲೇಖನ ಬಂದ ಮಾತ್ರಕ್ಕೆ ಕಾನೂನು ಬದಲಾಗಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಹಿಟ್ಟಿನ ಕಂಪನಿಯೊಂದರ ಜಾಹೀರಾತಿಗೆ ಒಬ್ಬ ಹುಡುಗಿಯ ಫೋಟೋವನ್ನು ಕೇಳದೆ ಬಳಸಿ 25,000 ಪ್ರತಿ ಅಚ್ಚು ಹಾಕಿದರು. ಆಕೆ ಕೋರ್ಟಿಗೆ ಹೋದರೆ 1902ರಲ್ಲಿ ತೀರ್ಪು 4–3ರಲ್ಲಿ ಆಕೆಯ ವಿರುದ್ಧ ಬಂತು, ಅಂಥ ಹಕ್ಕೇ ಇಲ್ಲ ಅಂತ. ಜನ ಸಿಟ್ಟಾದರು. ಮರುವರ್ಷವೇ ಶಾಸನಸಭೆ, ಒಪ್ಪಿಗೆ ಇಲ್ಲದೆ ಯಾರ ಮುಖವನ್ನೂ ವ್ಯಾಪಾರಕ್ಕೆ ಬಳಸಬಾರದು ಅಂತ ಕಾಯ್ದೆ ಮಾಡಿತು.

ಅಷ್ಟರಲ್ಲಿ ಬ್ರ್ಯಾಂಡೈಸ್ ಬೇರೆ ಜಗಳಗಳಿಗೆ ಇಳಿದಿದ್ದರು. ವಕೀಲಿಯಲ್ಲಿ ಚೆನ್ನಾಗಿ ಸಂಪಾದಿಸಿದ್ದರು, ಬದುಕು ಮಾತ್ರ ಸರಳ. ಸಾರ್ವಜನಿಕರ ಪರವಾಗಿ ವಾದಿಸಿದ ಮೊಕದ್ದಮೆಗೆ ಫೀ ತೆಗೆದುಕೊಳ್ಳುತ್ತಿರಲಿಲ್ಲ. ಅಷ್ಟೇ ಅಲ್ಲ, ಆ ಹೊತ್ತು ಕಚೇರಿಗೆ ನಷ್ಟವಾಯಿತಲ್ಲ ಅಂತ ತಮ್ಮ ಜೇಬಿನಿಂದ ಕಚೇರಿಗೆ ಕಟ್ಟಿಕೊಡುತ್ತಿದ್ದರು.

ಬೋಸ್ಟನ್ನಿನ ಗ್ಯಾಸ್ ಬಿಲ್ ನೋಡಿ. ಹಲವು ಕಂಪನಿಗಳು ಒಂದಾಗಿ, ನಿಜವಾಗಿ ಹೂಡಿದ್ದಕ್ಕಿಂತ ಹೆಚ್ಚು ಬಂಡವಾಳ ತೋರಿಸಿ, ಅದರ ಮೇಲೆ ಲಾಭ ಎಳೆಯಲು ಹೊರಟಿದ್ದವು. ಬ್ರ್ಯಾಂಡೈಸ್ ಮುಂದೆ ನಿಂತು ಒಪ್ಪಿಸಿದ ಸೂತ್ರ ಹೀಗಿತ್ತು: ಸಾವಿರ ಘನ ಅಡಿ ಗ್ಯಾಸಿಗೆ 90 ಸೆಂಟ್, ಷೇರುದಾರರಿಗೆ ಶೇ. 7 ಡಿವಿಡೆಂಡ್. ಇನ್ನೂ ಹೆಚ್ಚು ಬೇಕಾದರೆ ಬೆಲೆ ಇಳಿಸಬೇಕು, ಪ್ರತಿ 5 ಸೆಂಟ್ ಇಳಿಕೆಗೆ ಶೇ. 1 ಹೆಚ್ಚುವರಿ. ಗ್ರಾಹಕನ ಲಾಭವನ್ನೇ ಕಂಪನಿಯ ಲಾಭಕ್ಕೆ ಕಟ್ಟಿಹಾಕಿದ ಫೀಡ್‌ಬ್ಯಾಕ್ ಲೂಪ್ ಇದು, ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೇಳಬೇಕಿಲ್ಲ. 1906ರಲ್ಲಿ ಕಾನೂನಾಯಿತು. ಮರುವರ್ಷವೇ ಬೆಲೆ 80 ಸೆಂಟಿಗೆ ಇಳಿಯಿತು.

ಆಮೇಲೆ ವಿಮೆ. ಕಾರ್ಮಿಕರ ಮನೆ ಬಾಗಿಲಿಗೆ ವಾರಕ್ಕೊಮ್ಮೆ ಏಜೆಂಟ್ ಬಂದು ಕೆಲವೇ ಸೆಂಟ್ ವಸೂಲು ಮಾಡುತ್ತಿದ್ದ. ಸಣ್ಣ ಮೊತ್ತ, ಯಾರಿಗೂ ಭಾರ ಅನ್ನಿಸದು. ಆದರೆ ಕೆಲಸ ಹೋಗಿ ಕಂತು ತಪ್ಪಿತೋ, ಪಾಲಿಸಿ ಮುಗಿಯಿತು, ಕಟ್ಟಿದ್ದೂ ಹೋಯಿತು. ಬ್ರ್ಯಾಂಡೈಸ್ ಕಂಪನಿಗಳ ವಾರ್ಷಿಕ ಲೆಕ್ಕಗಳನ್ನೇ ಹರಡಿಕೊಂಡು ಕೂತರು. ಬಡವರು ಕಟ್ಟಿದ್ದರಲ್ಲಿ ಬಹಳಷ್ಟು ಏಜೆಂಟರ ಕಮಿಷನ್ನಿಗೂ ಆಡಳಿತ ಖರ್ಚಿಗೂ ಹೋಗುತ್ತಿರುವುದು ಆ ಲೆಕ್ಕಗಳಲ್ಲೇ ಕಂಡಿತು. ಊರೂರಲ್ಲಿ ಆಗಲೇ ಇರುವ ಉಳಿತಾಯ ಬ್ಯಾಂಕುಗಳೇ ಏಜೆಂಟರಿಲ್ಲದೆ ಕೌಂಟರಿನಲ್ಲಿ ವಿಮೆ ಮಾರಲಿ ಅಂತ ಯೋಜನೆ ಕೊಟ್ಟರು. 1907ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅದು ಕಾನೂನಾಯಿತು. ತಮ್ಮ ಜೀವಮಾನದ ಕೆಲಸಗಳಲ್ಲಿ ಇದನ್ನೇ ಅವರು ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು.

ಇನ್ನು ಆ ಸಿಲಬಸ್ಸಿನ ಪದ. 1910ರಲ್ಲಿ ಪೂರ್ವ ಅಮೆರಿಕದ ರೈಲ್ವೆ ಕಂಪನಿಗಳು ಸಾಗಣೆ ದರ ಏರಿಸಲು ಅನುಮತಿ ಕೇಳಿದವು. ಖರ್ಚು ಏರಿದರೆ ದರ ಏರಿಸುವ ಮೊದಲು ಕೆಲಸದ ರೀತಿ ಸರಿಮಾಡಿಕೊಳ್ಳಿ ಅನ್ನೋದು ಬ್ರ್ಯಾಂಡೈಸ್ ವಾದ. ಅದಕ್ಕಾಗಿ ಟೇಲರ್ ಅವರ ವಿಧಾನ ಬಲ್ಲ ಇಂಜಿನಿಯರ್‌ಗಳನ್ನು ಸಾಕ್ಷಿಗೆ ಕರೆಸಿದರು. ಆ ವಿಧಾನಗಳಿಗೆ ಒಂದು ಹೆಸರು ಬೇಕಲ್ಲ ಅಂತ ಗ್ಯಾಂಟ್ ಅವರ ಮನೆಯಲ್ಲಿ ಸಭೆ ಸೇರಿ ಒಪ್ಪಿಕೊಂಡದ್ದೇ ಸೈಂಟಿಫಿಕ್ ಮ್ಯಾನೇಜ್‌ಮೆಂಟ್ ಅನ್ನೋ ಹೆಸರು. ಹೌದು, ಗ್ಯಾಂಟ್ ಚಾರ್ಟಿನ ಗ್ಯಾಂಟ್! ಸರಿಯಾಗಿ ನಡೆಸಿದರೆ ರೈಲ್ವೆಗಳು ದಿನಕ್ಕೆ ಹತ್ತು ಲಕ್ಷ ಡಾಲರ್ ಉಳಿಸಬಹುದು ಅಂತ ಒಬ್ಬ ಇಂಜಿನಿಯರ್ ಸಾಕ್ಷಿ ಹೇಳಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. 1911ರಲ್ಲಿ ದರ ಏರಿಕೆಗೆ ಅನುಮತಿ ಸಿಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮಗೆ ಇವರ ಜೊತೆ ತಕರಾರಿದೆ. ತಯಾರಕ ನಿಗದಿ ಮಾಡಿದ ಬೆಲೆಗಿಂತ ಕಡಿಮೆಗೆ ಅಂಗಡಿಯವನು ಮಾರಬಾರದು ಅನ್ನೋ ಪದ್ಧತಿಯನ್ನು ಇವರು ಬೆಂಬಲಿಸಿದರು. ದೊಡ್ಡ ಅಂಗಡಿಗಳು ಹೆಸರಾಂತ ಸಾಮಾನನ್ನು ನಷ್ಟಕ್ಕೆ ಮಾರಿ ಗಿರಾಕಿಗಳನ್ನು ಎಳೆಯುತ್ತವೆ, ಬೀದಿಯ ಸಣ್ಣ ಅಂಗಡಿ ಮುಚ್ಚುತ್ತದೆ, ಆಮೇಲೆ ಬೆಲೆ ಅವರು ಹೇಳಿದ್ದೇ ಅನ್ನೋದು ಅವರ ಭಯ. ನಮ್ಮ ಎಂಆರ್‌ಪಿ ಮೇಲಿನ ಮಿತಿ, ಅವರು ಕೇಳಿದ್ದು ಕೆಳಗಿನ ಮಿತಿ. ಆನ್‌ಲೈನ್ ಸೇಲ್ ದಿನ ರಾತ್ರಿಯೆಲ್ಲ ಎದ್ದಿದ್ದು ಇಯರ್‌ಫೋನ್ ಕೊಳ್ಳುವ ನಮಗೆ ಇದು ಹಿಡಿಸೋದು ಕಷ್ಟ. ಹಾಗಂತ ನಮ್ಮ ಕಾಲೇಜು ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟವರನ್ನು ಕೇಳಿದರೆ ಬ್ರ್ಯಾಂಡೈಸ್ ಹೇಳಿದ್ದೇ ಸರಿ ಅಂದಾರು.

1916ರಲ್ಲಿ ಅಧ್ಯಕ್ಷ ವಿಲ್ಸನ್ ಇವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದಾಗ ದೊಡ್ಡ ಕಂಪನಿಗಳ ಪರವಾದ ವಕೀಲರೆಲ್ಲ ಎದ್ದುನಿಂತರು. ಯಹೂದಿ ದ್ವೇಷವೂ ಅದರಲ್ಲಿ ಬೆರೆತಿತ್ತು. ನಾಲ್ಕು ತಿಂಗಳು ಎಳೆದಾಡಿ ಜೂನ್ 1ರಂದು 47–22 ಮತಗಳಿಂದ ಒಪ್ಪಿಗೆ ಸಿಕ್ಕಿತು. ಆ ಕೋರ್ಟಿನ ಮೊದಲ ಯಹೂದಿ ನ್ಯಾಯಮೂರ್ತಿ ಇವರೇ.

1928ರಲ್ಲಿ ಓಲ್ಮ್‌ಸ್ಟೆಡ್ ಮೊಕದ್ದಮೆ ಬಂತು. ಮದ್ಯ ನಿಷೇಧದ ಕಾಲ. ಸಿಯಾಟಲ್‌ನ ಮಾಜಿ ಪೊಲೀಸ್ ಅಧಿಕಾರಿಯೊಬ್ಬ ದೊಡ್ಡ ಮಟ್ಟದಲ್ಲಿ ಮದ್ಯ ಸಾಗಿಸುತ್ತಿದ್ದ. ಕೇಂದ್ರದ ಅಧಿಕಾರಿಗಳು ಅವನ ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ, ಮನೆಗಳ ಹತ್ತಿರದ ಬೀದಿಗಳಲ್ಲಿ ಟೆಲಿಫೋನ್ ತಂತಿಗೆ ತಂತಿ ಸಿಕ್ಕಿಸಿ ಸುಮಾರು ಐದು ತಿಂಗಳು ಕದ್ದು ಕೇಳಿದರು. ಟಿಪ್ಪಣಿಗಳು 775 ಪುಟ! ಯಾರ ಮನೆಯೊಳಗೂ ಕಾಲಿಟ್ಟಿಲ್ಲ, ಏನನ್ನೂ ಎತ್ತಿಕೊಂಡು ಹೋಗಿಲ್ಲ, ಆದ್ದರಿಂದ ಇದು ಶೋಧನೆಯೇ ಅಲ್ಲ ಅಂತ 5–4ರ ಬಹುಮತ ಹೇಳಿತು. ಬ್ರ್ಯಾಂಡೈಸ್ ಒಪ್ಪಲಿಲ್ಲ. ಅಂಚೆಯ ಕಾಗದಕ್ಕೆ ಇರುವ ರಕ್ಷಣೆ ಟೆಲಿಫೋನಿಗೆ ಯಾಕಿಲ್ಲ ಅನ್ನೋದು ಅವರ ಪ್ರಶ್ನೆ. ಒಬ್ಬನ ಫೋನ್ ಕದ್ದು ಕೇಳಿದರೆ ಅವನ ಜೊತೆ ಮಾತಾಡಿದವರೆಲ್ಲರ ಮಾತೂ ಬಯಲಾಗುತ್ತದೆ ಅಂತ ಎಚ್ಚರಿಸಿದರು. ಬೀರುವಿನ ಒಳಗಿರುವ ಕಾಗದವನ್ನು ಮುಟ್ಟದೆಯೇ ಸರ್ಕಾರ ಕೋರ್ಟಿನಲ್ಲಿ ಓದಿಸುವ ವಿದ್ಯೆ ಮುಂದೊಂದು ದಿನ ಬರಬಹುದು ಅಂತಲೂ ಬರೆದರು. ಕರಡಿನಲ್ಲಿ ಆಗಷ್ಟೇ ಸುದ್ದಿಯಲ್ಲಿದ್ದ ಟೆಲಿವಿಷನ್ನಿನ ಪ್ರಸ್ತಾಪವೂ ಇತ್ತು, ಸಹಾಯಕರ ಮಾತಿಗೆ ಒಪ್ಪಿ ತೆಗೆದರು. ಸೋತ ಈ ಅಭಿಪ್ರಾಯ 39 ವರ್ಷದ ನಂತರ ಗೆದ್ದಿತು. ಫೋನ್ ಬೂತಿನ ಹೊರಗೆ ಮೈಕ್ ಅಂಟಿಸಿದ್ದ ಪ್ರಕರಣದಲ್ಲಿ 1967ರಲ್ಲಿ ಅದೇ ಕೋರ್ಟು ಹಳೆಯ ನಿಲುವನ್ನು ಕೈಬಿಟ್ಟಿತು.

ಇಷ್ಟು ಹೇಳಿ ಒಂದನ್ನು ಬಿಟ್ಟರೆ ಅನ್ಯಾಯವಾಗುತ್ತೆ. ಓಲ್ಮ್‌ಸ್ಟೆಡ್‌ಗೆ ಒಂದೇ ವರ್ಷ ಮೊದಲು, 1927ರಲ್ಲಿ, ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಗೆ ಮಂದಬುದ್ಧಿ ಅಂತ ಹಣೆಪಟ್ಟಿ ಹಚ್ಚಿ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಸುಪ್ರೀಂ ಕೋರ್ಟ್ 8–1ರಲ್ಲಿ ಅನುಮತಿ ಕೊಟ್ಟಿತು. ಆ ಎಂಟರಲ್ಲಿ ಬ್ರ್ಯಾಂಡೈಸ್ ಒಬ್ಬರು. ಮನುಷ್ಯ ತನ್ನ ಪಾಡಿಗೆ ತಾನಿರುವ ಹಕ್ಕನ್ನು ಎತ್ತಿಹಿಡಿದ ಅದೇ ಓಲ್ಮ್‌ಸ್ಟೆಡ್ ಅಭಿಪ್ರಾಯದಲ್ಲಿ, ಕಾನೂನು ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ ಅನ್ನೋದಕ್ಕೆ ಉದಾಹರಣೆಯಾಗಿ ಬಕ್ ತೀರ್ಪನ್ನು ಹೆಸರಿಸಿದ್ದಾರೆ. ತಂತಿಯಲ್ಲಿ ಹೋಗುವ ಮಾತಿಗೆ ಸಿಕ್ಕ ರಕ್ಷಣೆ ಒಬ್ಬ ಬಡ ಹೆಂಗಸಿನ ದೇಹಕ್ಕೆ ಸಿಗಲಿಲ್ಲ. ಇದನ್ನು ಆ ಕಾಲ ಹಾಗಿತ್ತು ಅಂತ ಸಮಾಧಾನ ಮಾಡಿಕೊಳ್ಳೋಕೆ ನಮಗೆ ಆಗುತ್ತಿಲ್ಲ, ಅದೇ ಕಾಲದ ಒಬ್ಬ ನ್ಯಾಯಮೂರ್ತಿ ಒಪ್ಪಿರಲಿಲ್ಲವಲ್ಲ.

1939ರಲ್ಲಿ ನಿವೃತ್ತರಾಗಿ, 1941ರ ಅಕ್ಟೋಬರ್ 5ರಂದು ಬ್ರ್ಯಾಂಡೈಸ್ ತೀರಿಕೊಂಡರು.

ನಮ್ಮ ಕಡೆಗೆ ಅವರು ಬಂದದ್ದು ತಡವಾಗಿ. ಖಾಸಗಿತನ ಮೂಲಭೂತ ಹಕ್ಕಲ್ಲ ಅನ್ನೋ ಅರ್ಥ ಬರುವಂತೆ ನಮ್ಮ ಸುಪ್ರೀಂ ಕೋರ್ಟಿನ 1954 ಮತ್ತು 1962ರ ತೀರ್ಪುಗಳಿದ್ದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಸರ್ಕಾರ ಅವನ್ನೇ ಮುಂದಿಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪಿತ್ತರು. ಅದರೊಳಗೆ 1890ರ ಆ ಲೇಖನದ ಚರ್ಚೆ ಇದೆ.

ಬ್ರ್ಯಾಂಡೈಸ್ ಜೀವನದಲ್ಲಿ ಎರಡು ಎಳೆಗಳು ಜೊತೆಜೊತೆಗೆ ಸಾಗಿದವು: ವ್ಯಕ್ತಿಯ ಮನೆಗೆ ಪರದೆ ಇರಲಿ, ಕಂಪನಿಯ ಮತ್ತು ಸರ್ಕಾರದ ಲೆಕ್ಕಕ್ಕೆ ಬೆಳಕು ಬೀಳಲಿ. ನಮ್ಮಲ್ಲಿ ಈಗ ಅವೆರಡೂ ಎದುರುಬದುರು ನಿಂತಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯನ್ನೇ ತಿದ್ದಿದೆ. ಮೊದಲು ವೈಯಕ್ತಿಕ ಮಾಹಿತಿ ಅಂತ ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಅಂತಲೋ, ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ಸುಮ್ಮನೆ ಧಕ್ಕೆ ಅಂತಲೋ ತೋರಿಸಬೇಕಿತ್ತು. ಈಗ ಆ ಕಲಮಿನಲ್ಲಿ ವೈಯಕ್ತಿಕ ಮಾಹಿತಿ ಅನ್ನೋ ಮಾತಷ್ಟೇ ಉಳಿದಿದೆ. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಅನ್ನೋ 8(2)ನೇ ಕಲಮು ಇನ್ನೂ ಇದೆ, ಆದರೆ ಆ ಹಿತ ದೊಡ್ಡದೋ ಇಲ್ಲವೋ ಅಂತ ಮೊದಲು ತೂಗುವುದು ಮಾಹಿತಿಯನ್ನು ಹಿಡಿದುಕೊಂಡು ಕೂತ ಕಚೇರಿಯೇ.