ತಂದೆಯ ಹೆಸರಿಲ್ಲದ ಮಗು: ಸಂತ ಮಾರ್ಟಿನ್ ದೆ ಪೋರೆಸ್

ನವೆಂಬರ್ 3ರಂದು ಧರ್ಮಸಭೆಯು ಸಂತ ಮಾರ್ಟಿನ್ ದೆ ಪೋರೆಸ್ ಅವರ ಹಬ್ಬವನ್ನು ಆಚರಿಸುತ್ತದೆ. ಸಕಲ ಸಂತರ ಹಬ್ಬ ಹಾಗೂ ಮೃತರ ಸ್ಮರಣೆಯ ದಿನದ ಬೆನ್ನಿಗೇ ಬರುವುದರಿಂದ ಈ ಹಬ್ಬ ನಮ್ಮ ಗಮನಕ್ಕೆ ಬಾರದೆ ಹೋಗುವುದೇ ಹೆಚ್ಚು. ಕೈಯಲ್ಲಿ ಹಿಡಿಸೂಡಿ, ಕಾಲ ಬಳಿ ನಾಯಿ, ಬೆಕ್ಕು, ಇಲಿ, ಮೈಮೇಲೆ ದೊಮಿನಿಕನ್ನರ ಬಿಳಿ ಕಪ್ಪು ಉಡುಪು. ಹೀಗೆ ನಿಂತ ಕಪ್ಪು ವರ್ಣದ ಸಹೋದರನ ಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಆ ಚಿತ್ರದ ಹಿಂದಿನ ಬದುಕು ಮಾತ್ರ ಅಷ್ಟು ಸರಳವಾದುದಲ್ಲ.

ಎರಡು ರಕ್ತಗಳ ನಡುವೆ

ಮಾರ್ಟಿನ್ 1579ರ ಡಿಸೆಂಬರ್ 9ರಂದು ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರದಲ್ಲಿ ಜನಿಸಿದರು. ಆಗ ಪೆರು ಸ್ಪೇನ್ ಅರಸರ ಅಧೀನದಲ್ಲಿತ್ತು. ತಂದೆ ಹುವಾನ್ ದೆ ಪೋರೆಸ್ ಸ್ಪೇನಿನ ಕುಲೀನ ಮನೆತನದವರು. ತಾಯಿ ಆನಾ ವೆಲಾಸ್ಕೆಸ್ ಪನಾಮಾದಿಂದ ಬಂದ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಮಹಿಳೆ. ಇವರಿಬ್ಬರಿಗೂ ವಿವಾಹವಾಗಿರಲಿಲ್ಲ. ಮಗು ತಾಯಿಯ ಬಣ್ಣವನ್ನೇ ಪಡೆದು ಹುಟ್ಟಿತು. ಲಿಮಾದ ಸಂತ ಸೆಬಾಸ್ಟಿಯನ್ ಚರ್ಚಿನಲ್ಲಿ ಸ್ನಾನದೀಕ್ಷೆ ನೀಡಿದಾಗ ದಾಖಲೆ ಪುಸ್ತಕದಲ್ಲಿ ತಂದೆ ಯಾರೆಂದು ತಿಳಿಯದು ಎಂದೇ ಬರೆಯಲಾಯಿತು. ಕೆಲವು ವರ್ಷಗಳ ಬಳಿಕ ಇದೇ ಚರ್ಚಿನಲ್ಲಿ ಸ್ನಾನದೀಕ್ಷೆ ಪಡೆದ ಇನ್ನೊಂದು ಮಗು ಲಿಮಾದ ಸಂತ ರೋಸ್.

1581ರಲ್ಲಿ ತಂಗಿ ಹುವಾನಾ ಹುಟ್ಟಿದಳು. ತಾಯಿ ಕಡುಬಡತನದಲ್ಲಿ ಇಬ್ಬರು ಮಕ್ಕಳನ್ನು ಸಾಕಿದರು. ಮುಂದೆ ತಂದೆ ಮಕ್ಕಳನ್ನು ತನ್ನವರೆಂದು ಒಪ್ಪಿಕೊಂಡು ಕೆಲಕಾಲ ಗ್ವಯಾಕಿಲ್ ನಗರದಲ್ಲಿ ತನ್ನೊಡನೆ ಇರಿಸಿಕೊಂಡು ಓದು ಬರಹ ಕಲಿಸಿದರು. ಆದರೆ ಸರಕಾರಿ ಹುದ್ದೆಯ ಮೇಲೆ ಪನಾಮಾಕ್ಕೆ ಹೋಗಬೇಕಾದಾಗ ಮಾರ್ಟಿನ್ ಮತ್ತೆ ಲಿಮಾಕ್ಕೆ ಬಂದರು. ಬಿಳಿಯರಿಗೆ ಅವರು ಕಪ್ಪು ಹೆಂಗಸಿನ ಮಗ. ಗುಲಾಮರ ಕಣ್ಣಿಗೆ ಒಡೆಯರ ರಕ್ತದವರು. ಎರಡೂ ಕಡೆ ಪೂರ್ಣವಾಗಿ ಸಲ್ಲದ ಬಾಲ್ಯ ಅದು.

ಸುಮಾರು ಹನ್ನೆರಡರ ವಯಸ್ಸಿನಲ್ಲಿ ಅವರು ಕ್ಷೌರಿಕನ ಬಳಿ ಕೆಲಸ ಕಲಿಯಲು ಸೇರಿದರು. ಆ ಕಾಲದಲ್ಲಿ ಕ್ಷೌರಿಕನೇ ಗಾಯಕ್ಕೆ ಕಟ್ಟು ಹಾಕುವವನು, ಮುರಿದ ಎಲುಬು ಕೂಡಿಸುವವನು, ಮದ್ದು ಕೊಡುವವನು. ಈ ವಿದ್ಯೆ ಮಾರ್ಟಿನರ ಕೈಗೆ ಚೆನ್ನಾಗಿ ಹತ್ತಿತು.

ಮಠದ ಬಾಗಿಲಲ್ಲಿ

ಹದಿನೈದರ ಹರೆಯದಲ್ಲಿ ಅವರು ಲಿಮಾದ ದೊಮಿನಿಕನ್ ಮಠದ ಬಾಗಿಲು ತಟ್ಟಿದರು. ಆಫ್ರಿಕನ್ ಅಥವಾ ಅಮೆರಿಕದ ಮೂಲನಿವಾಸಿ ರಕ್ತದವರು ಮಠದ ಪೂರ್ಣ ಸದಸ್ಯರಾಗಲು ಆಗಿನ ನಿಯಮಗಳು ಬಿಡುತ್ತಿರಲಿಲ್ಲ. ಧರ್ಮಸಭೆಯ ಮನೆಯೊಳಗೇ ಇಂಥ ಗೋಡೆ ಇತ್ತು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಮಾರ್ಟಿನ್ ಕೇವಲ ಸೇವಕನಾಗಿ ಒಳಗೆ ಬಂದರು. ಗುಡಿಸುವುದು, ಬಟ್ಟೆ ಒಗೆಯುವುದು, ಗಂಟೆ ಬಾರಿಸುವುದು, ಸಹೋದರರ ಕೂದಲು ಕತ್ತರಿಸುವುದು ಅವರ ಪಾಲಿಗೆ ಬಂತು. 1603ರಲ್ಲಿ ಅವರಿಗೆ ವ್ರತ ಸ್ವೀಕರಿಸುವ ಅವಕಾಶ ದೊರೆಯಿತು. ಬಳಿಕ ಮಠದ ರೋಗಿಗಳ ಕೋಣೆಯ ಹೊಣೆ ಅವರದಾಯಿತು. ಮರಣದವರೆಗೂ ಅದನ್ನು ನಿರ್ವಹಿಸಿದರು.

ಅವರ ಸ್ವಭಾವದಲ್ಲಿ ಒಂದಕ್ಕೊಂದು ಹೊಂದದ ಗುಣಗಳಿದ್ದವು. ಇಲಿಗಳಿಗೂ ಅನ್ನ ಹಾಕುವ ಮೃದು ಹೃದಯದ ಮನುಷ್ಯ ತನ್ನ ದೇಹವನ್ನು ಮಾತ್ರ ಉಪವಾಸ, ಜಾಗರಣೆ, ಚಾಟಿಯೇಟುಗಳಿಂದ ದಂಡಿಸುತ್ತಿದ್ದರು. ರಾತ್ರಿಯಿಡೀ ಏಕಾಂತ ಪ್ರಾರ್ಥನೆ ಬಯಸುತ್ತಿದ್ದವರು ಹಗಲೆಲ್ಲಾ ಬೀದಿಯಲ್ಲಿ ಬಡವರ ನಡುವೆ ಇರುತ್ತಿದ್ದರು. ಬೈದವರ ಮುಂದೆ ತಲೆ ತಗ್ಗಿಸುತ್ತಿದ್ದರು, ತನ್ನನ್ನು ತಾನೇ ಹೀನವಾಗಿ ಕರೆದುಕೊಳ್ಳುತ್ತಿದ್ದರು. ಮಠ ಸಾಲದಲ್ಲಿ ಮುಳುಗಿದಾಗ ತನ್ನನ್ನು ಗುಲಾಮನಾಗಿ ಮಾರಿ ಸಾಲ ತೀರಿಸುವಂತೆ ಮೇಲಧಿಕಾರಿಯನ್ನು ಕೇಳಿಕೊಂಡರು ಎಂದು ಅವರ ಚರಿತ್ರೆ ಹೇಳುತ್ತದೆ.

ಇಂದಿನ ಓದುಗರಿಗೆ ಇದು ಇರುಸುಮುರುಸು ಉಂಟುಮಾಡಬಹುದು. ಬಣ್ಣದ ಕಾರಣಕ್ಕೆ ಅವಮಾನಿಸಿದ ಸಮಾಜದ ಮಾತನ್ನು ಅವರು ತಾನೂ ನಂಬಿದ್ದರೇ? ಅವಮಾನವನ್ನು ಒಪ್ಪಿಕೊಳ್ಳುವುದೇ ದೀನತೆಯೇ? ಇದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಅವರ ಕೃತಿಗಳಲ್ಲಿಯೇ ಹುಡುಕಬೇಕಾಗುತ್ತದೆ.

ವಿಧೇಯನ ಅವಿಧೇಯತೆ

ಲಿಮಾದಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಮಾರ್ಟಿನ್ ರೋಗಿಗಳನ್ನು ಮಠಕ್ಕೆ ಕರೆತರುತ್ತಿದ್ದರು. ಸೋಂಕಿನ ಭಯದಿಂದ ಮೇಲಧಿಕಾರಿ ಇದನ್ನು ನಿಷೇಧಿಸಿದರು. ಅಷ್ಟರಲ್ಲಿ ಇರಿತಕ್ಕೆ ಒಳಗಾಗಿ ಬೀದಿಯಲ್ಲಿ ರಕ್ತ ಸುರಿಸುತ್ತಾ ಬಿದ್ದಿದ್ದ ಮೂಲನಿವಾಸಿಯೊಬ್ಬನನ್ನು ಕಂಡ ಮಾರ್ಟಿನ್, ಅವನನ್ನು ಹೊತ್ತು ತಂದು ತನ್ನ ಕೋಣೆಯಲ್ಲೇ ಮಲಗಿಸಿದರು. ಮೇಲಧಿಕಾರಿ ಗದರಿಸಿದಾಗ ಅವರು ಕ್ಷಮೆ ಕೇಳಿದರು. ಜೊತೆಗೆ, ಪ್ರೀತಿಯ ಆಜ್ಞೆಗಿಂತ ವಿಧೇಯತೆಯ ಆಜ್ಞೆ ದೊಡ್ಡದೆಂದು ತನಗೆ ತಿಳಿದಿರಲಿಲ್ಲ, ದಯವಿಟ್ಟು ತಿಳಿಸಿಕೊಡಬೇಕು ಎಂದು ವಿನಂತಿಸಿದರು. ಅಂದಿನಿಂದ ಅವರಿಗೆ ಯಾರೂ ಅಡ್ಡಿ ಮಾಡಲಿಲ್ಲ.

ತನ್ನನ್ನು ಬೈದರೆ ಮೌನ, ಆದರೆ ಇನ್ನೊಬ್ಬನನ್ನು ಬಾಗಿಲ ಹೊರಗೆ ಬಿಡಲು ಹೇಳಿದರೆ ಒಪ್ಪಿಗೆ ಇಲ್ಲ. ತನ್ನ ಮಾನವನ್ನು ಲೆಕ್ಕಕ್ಕೆ ತಾರದ ಮನುಷ್ಯ ಇತರರ ಮಾನದ ವಿಷಯದಲ್ಲಿ ಒಂದಿಂಚೂ ಹಿಂದೆ ಸರಿಯಲಿಲ್ಲ. ಸ್ಪೇನಿನವನಿಗೂ, ಗುಲಾಮನಿಗೂ, ಮೂಲನಿವಾಸಿಗೂ ಅದೇ ಮದ್ದು, ಅದೇ ಹಾಸಿಗೆ. ಮಠದಲ್ಲಿ ಸ್ಥಳ ಸಾಲದಾದಾಗ ತಂಗಿ ಹುವಾನಾಳ ಮನೆಯನ್ನೂ ರೋಗಿಗಳಿಗೆ ತೆರೆದರು. ಬೀದಿ ಮಕ್ಕಳಿಗೂ ಅನಾಥರಿಗೂ ಆಸರೆಯ ಮನೆ ಕಟ್ಟಿಸಲು ಶ್ರೀಮಂತರಿಂದ ಹಣ ಬೇಡಿ ತಂದರು. ತಂದೆಯ ಹೆಸರಿಲ್ಲದ ಬಾಲ್ಯದ ನೋವನ್ನು ಅವರು ಮರೆತಿರಲಿಲ್ಲ ಎಂದು ನಾವು ಭಾವಿಸಬಹುದು.

1639ರ ನವೆಂಬರ್ 3ರಂದು, ಅರುವತ್ತು ತುಂಬಲು ಕೆಲವೇ ವಾರಗಳಿರುವಾಗ ಅವರು ದೇವರ ಪಾದ ಸೇರಿದರು. ಸೇವಕನಾಗಿ ಬಂದವನನ್ನು ಕಾಣಲು ನಗರದ ಗಣ್ಯರೂ ಬಡವರೂ ಒಟ್ಟಿಗೆ ನೆರೆದರು. ಆದರೂ ಧನ್ಯ ಪದವಿಗೆ ಸುಮಾರು 200 ವರ್ಷ ಕಾಯಬೇಕಾಯಿತು. 1837ರಲ್ಲಿ ಪೋಪ್ 16ನೇ ಗ್ರೆಗೊರಿ ಅವರನ್ನು ಧನ್ಯರೆಂದೂ, 1962ರ ಮೇ 6ರಂದು ಪೋಪ್ 23ನೇ ಜಾನ್ ಅವರನ್ನು ಸಂತರೆಂದೂ ಘೋಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಇದಕ್ಕೆ ಸರಿಯಾಗಿ 100 ವರ್ಷ ಮೊದಲು, 1862ರಲ್ಲಿ, ಪೋರ್ಚುಗೀಸ್ ತಂದೆಗೂ ಭಾರತೀಯ ತಾಯಿಗೂ ವಸೈಯಲ್ಲಿ ಹುಟ್ಟಿ 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ರಕ್ತಸಾಕ್ಷಿಯಾದ ಗೊನ್ಸಾಲೊ ಗಾರ್ಸಿಯಾ ಸಂತ ಪದವಿಗೇರಿದ್ದರು. ನಮ್ಮ ಪಶ್ಚಿಮ ಕರಾವಳಿಗೂ ಇಂಥ ಸಂತರೊಬ್ಬರಿದ್ದಾರೆ ಎಂಬುದು ನೆನಪಿರಲಿ.

ನಮಗೇನು?

ಸಂತ ಮಾರ್ಟಿನರನ್ನು ಮಿಶ್ರ ವಂಶದವರ, ಕ್ಷೌರಿಕರ ಹಾಗೂ ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವವರ ಪಾಲಕರೆಂದು ಗೌರವಿಸಲಾಗುತ್ತದೆ. ನಮ್ಮಲ್ಲಿಯೂ ಮದುವೆಯ ಮಾತು ಬಂದಾಗ ಮೂಲ, ಮನೆತನ, ಬಣ್ಣ ವಿಚಾರಿಸುವ ರೂಢಿ ಇದೆ. ಅಂತರಜಾತಿ, ಅಂತರಧರ್ಮೀಯ ವಿವಾಹದ ಮಕ್ಕಳು ಧರ್ಮೋಪದೇಶ ತರಗತಿಗೆ ಬಂದಾಗ ಪಿಸುಮಾತು ಕೇಳುವುದೂ ಉಂಟು. ಧರ್ಮಗುರುಗಳೂ, ಧರ್ಮಭಗಿನಿಯರೂ, ಪಾಲನಾ ಮಂಡಳಿಯ ಸದಸ್ಯರೂ ಈ ಹಬ್ಬದಂದು ಒಂದು ಕೆಲಸ ಮಾಡಬಹುದು. ನಮ್ಮ ಚರ್ಚಿನ ವ್ಯಾಪ್ತಿಯಲ್ಲಿ ಎರಡೂ ಕಡೆ ಸಲ್ಲದೆ ಉಳಿದ ಕುಟುಂಬ ಯಾವುದೆಂದು ಗುರುತಿಸಿ, ಆ ಮನೆಗೆ ಭೇಟಿ ಕೊಡೋಣ. ಹಿಡಿಸೂಡಿ ಹಿಡಿದ ಈ ಸಂತರ ಬಿನ್ನಹ ಪ್ರಾರ್ಥನೆ ನಮಗೆ ನೆರವಾಗಲಿ.