ಟೇಪಿನಲ್ಲಿ ಉಳಿದ ವೀಣೆ

ಮಕ್ಕಳೇ, ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಂಥ ಊರಿಗೆ ದೊಡ್ಡ ವಿದ್ವಾಂಸರ ಕಛೇರಿ ತಲುಪುತ್ತಿದ್ದದ್ದು ರೇಡಿಯೊದಿಂದ. ನಮ್ಮ ತಾತ, ಅಜ್ಜಿ ಎಷ್ಟೋ ರಾಗಗಳನ್ನು ಗುರುತು ಹಿಡಿಯಲು ಕಲಿತದ್ದು ಅದನ್ನು ಕೇಳಿ ಕೇಳಿಯೇ.

ಕನ್ನಡ ನಾಡಿನಲ್ಲಿ ಈ ಕಥೆ ಶುರುವಾಗುವುದು 1935ರಲ್ಲಿ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದರು. ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು; ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಬಂತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ ಹುಟ್ಟಿ, ವೀಣೆ ವೆಂಕಟಗಿರಿಯಪ್ಪನವರ ಬಳಿ ಕಲಿತ ವಿ. ದೊರೆಸ್ವಾಮಿ ಅಯ್ಯಂಗಾರ್ಯರು ಅಲ್ಲಿ ದುಡಿದರು. ಅವರು ನುಡಿಸುತ್ತಿದ್ದ ಮೈಸೂರು ಬಾನಿಯ, ಅಂದರೆ ಮೈಸೂರು ಶೈಲಿಯ, ವೀಣೆಗೆ ಅಬ್ಬರವಿಲ್ಲ, ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅವರು 1997ರಲ್ಲಿ ತೀರಿಕೊಂಡರು. ಅವರ ವೀಣೆಯನ್ನು ನೀವು ಇಂದೂ ಕೇಳಬಹುದಾದರೆ ಅದಕ್ಕೆ ಕಾರಣ ಧ್ವನಿಮುದ್ರಣ.

ಆಗಿನ ಮುದ್ರಣ ಕಾಲು ಇಂಚು ಅಗಲದ ಕಂದು ಟೇಪಿನ ಮೇಲೆ. ಟೇಪಿಗೆ ಬಳಿದ ಕಬ್ಬಿಣದ ಆಕ್ಸೈಡಿನ ಪುಡಿಯಲ್ಲಿ ನಾದ ಅಡಗಿರುತ್ತದೆ. ಸೆಕೆ, ತೇವ, ಬೂಷ್ಟು ಮೂರೂ ಅದಕ್ಕೆ ಶತ್ರು. ಕಾಲ ಕಳೆದಂತೆ ಕೆಲವು ಟೇಪುಗಳ ಅಂಟು ಸಡಿಲವಾಗಿ, ಓಡಿಸಿದರೆ ಪುಡಿಯೇ ಕಳಚಿ ಬರುತ್ತದೆ. ಆದ್ದರಿಂದಲೇ ಆಕಾಶವಾಣಿ ತನ್ನ ಹಳೆಯ ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತರುತ್ತಾ ಬಂದಿದೆ. ಇದರಲ್ಲಿ ಅವಸರ ನಡೆಯದು. ಫೋನಿನಿಂದ ಫೋನಿಗೆ ಹಾಡು ಕಳಿಸಿದಂತಲ್ಲ. ಒಂದು ಗಂಟೆಯ ಕಛೇರಿಯನ್ನು ಒಂದು ಗಂಟೆ ಓಡಿಸಿಯೇ ಇಳಿಸಿಕೊಳ್ಳಬೇಕು. ಅಷ್ಟು ಹೊತ್ತೂ ಒಬ್ಬರು ಕಿವಿಗೊಟ್ಟು ಕೂತಿರಬೇಕು. ಡಬ್ಬಿಯ ಮೇಲಿನ ಚೀಟಿ ಹರಿದಿದ್ದರೆ ಇದು ಯಾವ ರಾಗ, ಮೃದಂಗ ಯಾರದು ಎಂದು ಹೇಳಬಲ್ಲ ಹಿರಿಯರೂ ಬೇಕು. ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ಇವರೇ ಮುಖ್ಯ. ಹೆಸರಿಲ್ಲದ ಕಡತ ಎಷ್ಟೇ ಭದ್ರವಾಗಿದ್ದರೂ ಹುಡುಕುವವರ ಕೈಗೆ ಸಿಗುವುದಿಲ್ಲ.

ಇನ್ನು ಇಂಥ ಸಂಗೀತ ಕೇಳುವ ಆಸೆಯಿದ್ದರೆ, 2016ರ ಜನವರಿ 26ರಿಂದ ಬೆಂಗಳೂರಿನಿಂದಲೇ ಆಕಾಶವಾಣಿಯ 'ರಾಗಂ' ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ ನಡೆಯುತ್ತಿದೆ. ಹೊರದೇಶದಲ್ಲಿರುವ ನೀವೂ ಅದನ್ನು ಮೊಬೈಲಿನಲ್ಲಿ ಕೇಳಬಹುದು.

ಆದರೆ ಆಕಾಶವಾಣಿಯ ಎಲ್ಲ ಕಛೇರಿಗಳೂ ಕಪಾಟು ಸೇರಲಿಲ್ಲ. ಎಷ್ಟೋ ನೇರ ಪ್ರಸಾರವಾಗಿ ಅಲ್ಲಿಗೇ ಮುಗಿದವು. ಅಂಥವನ್ನು ರೇಡಿಯೊ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿಗೆ ತುಂಬಿಕೊಂಡ ರಸಿಕರಿದ್ದರು. ಊರು ಬಿಡುವಾಗ ಆ ಕ್ಯಾಸೆಟ್ಟುಗಳನ್ನು ಜೊತೆಗೆ ತಂದ ಕುಟುಂಬಗಳು ಇಲ್ಲಿನ ನಮ್ಮ ಕನ್ನಡ ಕೂಟದಲ್ಲೂ ಇರಬಹುದು. ಈ ರಜೆಯಲ್ಲಿ ಮನೆಯ ಹಳೆಯ ಪೆಟ್ಟಿಗೆ ತೆರೆಸಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಹಾಡುವವರು, ಪಕ್ಕವಾದ್ಯದವರು, ರಾಗ, ವರ್ಷ ಎಲ್ಲವನ್ನೂ ಕನ್ನಡದಲ್ಲಿ ಬರೆದಿಡಿ. ಆಮೇಲೆ ಪ್ರತಿ ತೆಗೆಯಲು ದೊಡ್ಡವರ ಸಹಾಯ ಕೇಳಿ.